ಕೋಟಿನವ್ವನ ಬುಟ್ಟಿ

ನಮ್ಮ ಅತ್ತೆ ರಿಬೆಕ್ಕವ್ವನವರು ಉಪಕಾರ ಹೇಳದೆ ಬಿಟ್ಟ ವಸ್ತುವೊಂದು ಈ ಭೂಮಿಯ ಮೇಲೆ ಇದ್ದರೆ, ಅದು ಇನ್ನೂ ಅವರ ಕಣ್ಣಿಗೆ ಬಿದ್ದಿಲ್ಲವೆಂದೇ ತಿಳಿಯಬೇಕು. ಖಾಲಿ ಕೊಡ ಕೈಜಾರಿ ಒಡೆದರೆ, “ಸ್ತೋತ್ರ! ನೀರು ತುಂಬೂದಕ್ಕಿಂತ ಮೊದ್ಲ ಒಡೀತು” ಎನ್ನುತ್ತಾರೆ; ತುಂಬಿದ ಕೊಡವೇ ಒಡೆದರೆ, “ಸ್ತೋತ್ರ! ಅಂಗಳಕ್ಕ ನೀರು ಹೊಡಿಯೂ ಕೆಲಸ ಮುಗೀತು” ಎನ್ನುತ್ತಾರೆ. ನಮ್ಮ ದೇವಾಲಯದ ವೇದಿಕೆಯಿಂದ ಭಾನುವಾರಕ್ಕೊಮ್ಮೆ ಗಂಭೀರವಾಗಿ ಇಳಿದು ಬರುವ ಆ ಪದ ಅವರ ಬಾಯಲ್ಲಿ ಒಗ್ಗರಣೆಯ ಸಾಸಿವೆಯಂತೆ ದಿನವಿಡೀ ಸಿಡಿಯುತ್ತದೆ. ಹುಬ್ಬಳ್ಳಿಯ ಶಾಲೆಯಲ್ಲಿ ಓದಿ, ಗುಡುಗು ಮಿಂಚುಗಳ ಕಾರಣವನ್ನೆಲ್ಲ ಬಾಯಿಪಾಠ ಮಾಡಿ, ಆದರೂ ಗುಡುಗಿದಾಗ ಕೂಸನ್ನು ಅವುಚಿಕೊಂಡು ಮೂಲೆ ಸೇರುವ ನನ್ನಂಥವಳಿಗೆ ಈ ಅಭ್ಯಾಸ ಮೊದಮೊದಲು ಭಕ್ತಿಯೆಂದು ತೋರಲಿಲ್ಲ. ಲೋಕದ ಕಷ್ಟ ಅರಿಯದವರ ಹಗುರತನವೆಂದೇ ತೋರಿತು.

ಅವರ ಇನ್ನೊಂದು ಗುರುತು ಕೋಟು. ಮಾವನವರು ಶಿಗ್ಗಾಂವ ಸೀಮೆಯ ಉಪದೇಶಿಗಳು. ತಡಸ, ಹಿರೇಬೆಂಡಿಗೇರಿ, ಸವಣೂರು ಎಂದು ಊರೂರು ನಡೆದು ಸುವಾರ್ತೆ ಸಾರಿದವರು. ನಾನು ಸೊಸೆಯಾಗಿ ಬರುವ ಮೊದಲೇ ಅವರು ದೇವರ ಪಾದ ಸೇರಿದರು. ಅವರ ಕರಿ ಕೋಟು ಮಾತ್ರ ಮನೆಯಲ್ಲೇ ಉಳಿಯಿತು. ಅದನ್ನು ಸೀರೆಯ ಮೇಲೆ ತೊಟ್ಟು, ಎಡಗೈಯನ್ನು ಜೇಬಿನಲ್ಲಿಟ್ಟು, ಗಂಡನ ಹಿಂದೆ ವರ್ಷಗಟ್ಟಲೆ ನಡೆದು ಕಲಿತ ಉದ್ದ ಹೆಜ್ಜೆಗಳನ್ನು ಹಾಕುತ್ತ ಅತ್ತೆಯವರು ಸಂತೆಗೆ ಹೊರಟರೆಂದರೆ ಎತ್ತಿನ ಬಂಡಿಗಳು ಹಿಂದೆ ಬೀಳುತ್ತವೆ. ಶಿಗ್ಗಾಂವದ ಜನಕ್ಕೆ ರಿಬೆಕ್ಕವ್ವ ಎಂಬ ಹೆಸರೇ ಗೊತ್ತಿಲ್ಲ. ಎಲ್ಲರಿಗೂ ಅವರು ಕೋಟಿನವ್ವ.

ಸವಣೂರಿನ ಎಲೆ ಮಾರುವ ಹಸನಸಾಬ ಒಮ್ಮೆ ನಡುಬೇಸಗೆಯಲ್ಲಿ ಕೆಣಕಿದ: “ಏನ್ ಕೋಟಿನವ್ವಾ, ಇಂಥಾ ಬಿಸಲಾಗ ಕೋಟು! ಮೈ ಉರಿಯಂಗಿಲ್ಲೇನು?”

“ನನಗ ಉರೀತೈತೋ ಹಸನಸಾಬ. ಒಳಗ ನಮ್ಮ ಮುದುಕ ಅದಾನಲ್ಲ, ಅವಂಗ ಥಂಡಿ ಆಕ್ಕೇತಿ.”

ಅವನು ನಕ್ಕು ನಾಲ್ಕು ಎಲೆ ಹೆಚ್ಚಿಗೆ ಹಾಕಿದ. “ಸ್ತೋತ್ರ!” ಎಂದರು ಇವರು.

“ಎಲಿ ಕೊಟ್ಟಾಂವ ನಾನು, ಸ್ತೋತ್ರ ಮ್ಯಾಲಿನಾಂವಗೇನ್ರಿ?”

“ನಿನಗೂ ಒಂಚೂರು ಉಳದೈತಿ, ತಗೋ.”

ಯುದ್ಧ ಹೊತ್ತಿಕೊಂಡು, ನಮ್ಮ ಶಾಲೆಗಳನ್ನು ನಡೆಸುತ್ತಿದ್ದ ಜರ್ಮನ್ ಪಾದ್ರಿಗಳನ್ನು ಸರಕಾರದವರು ದೂರದ ಸೆರೆ ಛಾವಣಿಗೆ ಕರೆದೊಯ್ದ ಮೇಲೆ, ಹುಬ್ಬಳ್ಳಿಯಲ್ಲಿ ನನ್ನ ಯಜಮಾನರು ಮಾಸ್ತರಿಕೆ ಮಾಡುತ್ತಿದ್ದ ಸಣ್ಣ ಶಾಲೆ ಮುಚ್ಚಿತು. ಶಾಲೆಯೊಡನೆ ಅದರ ಬೆನ್ನಿಗಿದ್ದ ನಮ್ಮ ಮನೆಯೂ ಹೋಯಿತು. ನಲವತ್ತನೆಯ ಇಸವಿಯ ಬೇಸಗೆಯಲ್ಲಿ, ನಮ್ಮ ಸಂಸಾರವೆಲ್ಲ ಒಂದೇ ಬಂಡಿಯಲ್ಲಿ ಹಿಡಿಸಿತಲ್ಲ ಎಂಬ ಅವಮಾನವನ್ನು ನುಂಗಿಕೊಂಡು, ಮೊಲೆಗೂಸು ಲುದಿಯಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಶಿಗ್ಗಾಂವದ ಅತ್ತೆಯ ಮನೆಯ ಮುಂದೆ ಇಳಿದೆ. ಬಾಗಿಲಲ್ಲಿ ನಿಂತಿದ್ದ ಕೋಟು ಎರಡೂ ತೋಳೆತ್ತಿ, “ಸ್ತೋತ್ರ!” ಎಂದಿತು.

ನನಗೆ ತಡೆಯಲಾಗಲಿಲ್ಲ. “ನೌಕರಿ ಹೋಗಿದ್ದಕ್ಕ ಸ್ತೋತ್ರ ಏನ್ರಿ, ಅತ್ತೀ?”

“ಹೋಗಿದ್ದರ ಚಿಂತಿ ನೀ ಮಾಡಾಕತ್ತೀಯಲ್ಲ ಮಿಲ್ಕಾ, ಬಂದದ್ದು ನಾ ನೋಡ್ಕೋತೇನಿ. ತಾ ಇಲ್ಲೆ ಕೂಸಿನ್ನ.”

ಮಾಸ್ತರರು ದಲಾಲರ ಅಂಗಡಿಯಲ್ಲಿ ಜೋಳದ ಚೀಲ ತೂಗಿಸುವ ಕೆಲಸಕ್ಕೆ ನಿಂತರು. ಸಂಜೆ ಹುಬ್ಬಿನವರೆಗೆ ಧೂಳು ಹೊತ್ತು ಬಂದು ಕುಳಿತ ಮಗನನ್ನು ನೋಡಿ ಅತ್ತೆ, “ಸ್ತೋತ್ರ! ಸಾಲ್ಯಾಗ ಬರಿಯೂ ಖಡುವಿನ ಧೂಳಿಗಿಂತ ಜ್ವಾಳದ ಧೂಳು ಚಲೋ. ಹೊಟ್ಟಿಗೆ ಹತ್ರ” ಎಂದರು. ಎಷ್ಟೋ ದಿನಗಳ ಮೇಲೆ ಯಜಮಾನರು ನಕ್ಕರು. ನಾನು ನಗಲಿಲ್ಲ, ಧೂಳು ಕೂಸಿನ ಎದೆಗೆ ಕೆಟ್ಟದ್ದೆಂದು ಅವರನ್ನು ಹೊರಗೆ ಮೈ ಝಾಡಿಸಿಕೊಳ್ಳಲು ಕಳಿಸಿದೆ.

ಹುಬ್ಬಳ್ಳಿಯಿಂದ ನಾನು ಜೀವಕ್ಕಿಂತ ಜೋಪಾನವಾಗಿ ತಂದದ್ದು ಒಂದು ಥರ್ಮಾಮೀಟರು. ಬೆಳಗ್ಗೆ ಸಂಜೆ, ನಡುವೆ ಮನಸ್ಸು ನಡುಗಿದಾಗಲೆಲ್ಲ, ಅದನ್ನು ಕೂಸಿನ ಕಂಕುಳಲ್ಲಿಟ್ಟು ಬೆಳಕಿಗೆ ಹಿಡಿದು ನೋಡುತ್ತಿದ್ದೆ.

“ಕಡ್ಡಿ ಏನಂತೈತಿ?” ಎಂದು ಅತ್ತೆ ಕೇಳುವರು.

“ಎಲ್ಲಾ ಸರಿ ಐತಿ ಅಂತೈತ್ರಿ.”

“ಕೂಸಿನ ಮಾರೀನೂ ಹಂಗ ಅನ್ನಾಕತ್ತೈತಲ್ಲ, ಅದನ್ನ ಕೇಳಲಿಲ್ಲೇನು?”

ಆ ಮನೆಯಲ್ಲಿ ನನಗಿಂತ ಹೆಚ್ಚಿನ ಅಧಿಕಾರವುಳ್ಳ ಹೆಣ್ಣೊಂದಿತ್ತು: ದೇವರ ಕೋಳಿ. ವರ್ಷವರ್ಷವೂ ಹಿಂಡಿನಲ್ಲಿ ಒಂದು ಹೇಟೆಯ ಕಾಲಿಗೆ ಅತ್ತೆ ಕೆಂಪು ನೂಲು ಕಟ್ಟುತ್ತಾರೆ. ಅದರ ತತ್ತಿ ಯಾರೂ ತಿನ್ನಕೂಡದು. ಅವನ್ನು ಕಾವಿಗೆ ಇಟ್ಟು, ಎದ್ದ ಮರಿಗಳನ್ನೆಲ್ಲ ಬೆಳೆ ಹಬ್ಬದ ದಿನ ಬುಟ್ಟಿಯಲ್ಲಿ ಹೊತ್ತು ದೇವಾಲಯಕ್ಕೆ ಒಪ್ಪಿಸಬೇಕು. ಹೊಸ ಬೆಳೆಗಾಗಿ ಉಪಕಾರಸ್ತುತಿ ಮಾಡುವ ಆ ಹಬ್ಬದಲ್ಲಿ ಜನ ತಂದದ್ದನ್ನೆಲ್ಲ ಆರಾಧನೆಯಾದ ಮೇಲೆ ಅಂಗಳದಲ್ಲಿ ಲಿಲಾವು ಕೂಗಿ ಹೆಚ್ಚು ಕೊಟ್ಟವರಿಗೆ ಮಾರುವುದು ರೂಢಿ. ಮದುವೆಯಾಗಿ ಬಂದ ವರ್ಷದಿಂದ ಅತ್ತೆ ಬರಿಗೈಯಲ್ಲಿ ಹೋದವರಲ್ಲ. ತನ್ನ ಸ್ಥಾನಮಾನ ಬಲ್ಲ ಆ ಕೋಳಿ ಅಡಿಗೆಮನೆಗೆ ನುಗ್ಗಿ ಹಿಟ್ಟಿನ ಪರಾತದಲ್ಲಿ ನಿಲ್ಲುತ್ತಿತ್ತು. ನಾನು ಓಡಿಸಹೋದರೆ, “ಹುಶ್ ಅನಬ್ಯಾಡ. ಆಕಿ ಯಾರ ಪೈಕಿ ಗೊತ್ತೈತಿಲ್ಲೋ?” ಎಂಬ ಎಚ್ಚರಿಕೆ ಬರುತ್ತಿತ್ತು.

ಮಳೆಗಾಲದ ಕೊನೆಗೆ ಲುದಿಯಳಿಗೆ ಜ್ವರ ಬಂತು. ಅಷ್ಟು ದಿನ ನಾನು ಕಾದಿದ್ದ ಗೆರೆಗೆ ಪಾದರಸ ಏರಿಯೇ ಬಿಟ್ಟಾಗ, ನನ್ನ ಅಂಜಿಕೆ ನಿಜವಾಯಿತೆಂಬುದರಲ್ಲಿ ಯಾವ ಸಮಾಧಾನವೂ ಇರಲಿಲ್ಲ. ಬಹಳ ದಿನ ಕಾಡಿ ಜ್ವರ ಬಿಟ್ಟಿತು. ಕೂಸು ಮಾತ್ರ ಸೊರಗಿ ಬಾಡಿತು, ಎತ್ತಿಕೊಂಡರೆ ಅರಿವೆಯ ಗಂಟಿನಷ್ಟೂ ಭಾರವಿಲ್ಲ. ದಿನಕ್ಕೊಂದು ತತ್ತಿ ಅರೆಬೇಯಿಸಿ ತಿನ್ನಿಸದಿದ್ದರೆ ಇದು ಚೇತರಿಸುವುದು ಕಷ್ಟವೆಂದು ಡಾಕ್ಟರರು ಹೇಳಿದರು. ಆದರೆ ಆ ತಿಂಗಳು ಕೋಳಿಗಳಿಗೆ ಬೇನೆ ಬಿದ್ದು ಓಣಿಯ ಗೂಡುಗಳೆಲ್ಲ ಬರಿದಾಗಿದ್ದವು; ಸಂತೆಯಲ್ಲೂ ತತ್ತಿ ಇಲ್ಲ. ಉಳಿದದ್ದು ಒಂದೇ, ಕೆಂಪು ನೂಲಿನದು.

ನೋಡಲು ಬಂದ ಪಕ್ಕದ ಮನೆಯ ಹೊನ್ನವ್ವ ಮೆಲ್ಲಗೆ ಹೇಳಿದಳು: “ನಮ್ಮೊಳಗಾದ್ರ ಇಂಥಾ ಕೂಸಿನ್ನ ಕೇರೂ ಮರದಾಗ ಹಾಕಿ ಮಾರಿಬಿಡ್ತೇವ್ರಿ. ಆಮ್ಯಾಲ ಒಂದ್ ಸೇರು ಹೊಟ್ಟು ಕೊಟ್ಟು ಹೊಳ್ಳಿ ಕೊಂಡ್ಕೋತೇವಿ. ಮುಂದ ಅದಕ್ಕ ಏನೂ ಮುಟ್ಟಂಗಿಲ್ಲ.”

“ಅದೆಲ್ಲಾ ನಮ್ಮೊಳಗ ನಡಿಯಂಗಿಲ್ಲ ಹೊನ್ನವ್ವಾ” ಎಂದರು ಅತ್ತೆ. ಆದರೆ ಅವರ ಕಣ್ಣು ಗೋಡೆಗೆ ಒರಗಿಸಿದ್ದ ಮೊರದ ಮೇಲೆ ಬಹಳ ಹೊತ್ತು ನಿಂತಿತ್ತು.

ಅವಳು ಹೋದ ಮೇಲೆ ನಾನು ನೆಲ ನೋಡುತ್ತ, “ಅತ್ತೀ, ಡಾಕ್ಟರು ತತ್ತಿ ಅಂದಾರ್ರಿ” ಎಂದೆ. ಅವರು ಅಂಗಳಕ್ಕೆ ಹೋಗಿ ಗೂಡಿನ ಮುಂದೆ ನಿಂತರು. ಬಾಯಲ್ಲಿ ಸ್ತೋತ್ರವಿಲ್ಲ. ಆ ಬೆನ್ನನ್ನು ನೋಡಿದಾಗ, ಅವರಿಗೂ ಕಷ್ಟ ತಿಳಿಯುತ್ತದೆ ಎಂಬುದು ನನಗೆ ಮೊದಲ ಸಲ ಹೊಳೆಯಿತು. ಬಹಳ ಹೊತ್ತಿನ ಮೇಲೆ ಒಳಗೆ ಬಂದು, ಕೋಟಿನ ಜೇಬಿನಿಂದ ಇನ್ನೂ ಬಿಸಿಯಾಗಿದ್ದ ತತ್ತಿಯನ್ನು ತೆಗೆದು ನನ್ನ ಕೈಯಲ್ಲಿಟ್ಟರು.

“ಅವನ ಹಂತ್ಯಾಕ ಬೇಕಾದಷ್ಟು ಕೋಳಿ ಅದಾವ. ನಮ್ಮ ಹಂತ್ಯಾಕ ಕೂಸು ಒಂದ.” ಒಲೆ ಊದುತ್ತ ಮತ್ತೆ ತಗ್ಗಿದ ದನಿಯಲ್ಲಿ, “ಆದ್ರ ಹಬ್ಬಕ್ಕ ಬರೇ ಬುಟ್ಟಿ ಒಯ್ಯಾಕ ನನ್ನ ಕೈಲೆ ಆಗಂಗಿಲ್ಲವಾ” ಎಂದರು.

ದಿನಕ್ಕೊಂದರಂತೆ ದೇವರ ತತ್ತಿಗಳು ನನ್ನ ಮಗಳ ಹೊಟ್ಟೆ ಸೇರಿದವು. ಕೆನ್ನೆ ತುಂಬಿತು, ಕೂಸು ಕೂತಿತು, ಅಂಬೆಗಾಲಿಟ್ಟು ಹೋಗಿ ಕೋಳಿಯ ಬಾಲ ಹಿಡಿಯಿತು. ಕಾವಿಗೆ ಕೂರಿಸಲು ಮಾತ್ರ ಒಂದೂ ಉಳಿಯಲಿಲ್ಲ.

ಹಬ್ಬದ ದಿನ ಅತ್ತೆ, “ನೀವು ಮುಂದ ನಡೀರಿ, ಕೂಸಿನ್ನ ನಾ ತರ್ತೇನಿ” ಎಂದರು. ದೇವಾಲಯದ ಮೇಜಿನ ಮುಂದೆ ಜೋಳದ ತೆನೆ, ಕುಂಬಳ, ಮೆಣಸಿನಕಾಯಿ, ಹತ್ತಿಯ ರಾಶಿ. ಎಲ್ಲರಿಗಿಂತ ಹಿಂದೆ, ಎರಡೂ ತೋಳಲ್ಲಿ ಬುಟ್ಟಿ ಅಪ್ಪಿಕೊಂಡು, ಆ ಉದ್ದ ಹೆಜ್ಜೆಗಳನ್ನು ಅಂದು ಮಾತ್ರ ಗಿಡ್ಡ ಮಾಡಿಕೊಂಡು ಕೋಟಿನವ್ವ ಬಂದರು. ಬುಟ್ಟಿಯನ್ನು ಕುಂಬಳಗಳ ನಡುವೆ ಇಳಿಸಿ ಬಟ್ಟೆ ಸರಿಸಿದರು. ಒಳಗೆ ಕುಳಿತಿದ್ದ ಲುದಿಯ ಒಂದು ತೆನೆಯನ್ನು ಎಳೆದು ಬಾಯಿಗೆ ಹಾಕಿಕೊಂಡಳು.

ಆರಾಧನೆ ಮುಗಿಯಿತು. ನಾನು ಕೂಸನ್ನು ಎತ್ತಿಕೊಳ್ಳಹೋದೆ, ಅತ್ತೆ ತಡೆದರು. ಅಂಗಳದಲ್ಲಿ ಲಿಲಾವು ಕೂಗುತ್ತಿದ್ದ ಸಭೆಯ ಹಿರಿಯ ಯೋಹಾನಪ್ಪನವರ ಮುಂದೆ ಬುಟ್ಟಿ ಬಂತು.

“ಅವ್ವಾರ, ಮೊಮ್ಮಗಳನ್ನ ಕರಕೊಂಡು ಮನಿಗೆ ನಡೀರಿ” ಎಂದು ಅವರು ನಕ್ಕರು.

“ದೇವರ ಮುಂದ ಇಟ್ಟಿದ್ದನ್ನ ಪುಕ್ಕಟ ಒಯ್ಯಾಕ ನಾ ಏನ್ ಕಳ್ಳೇನು? ಕೂಗ್ರಿ.”

ಪ್ರತಿವರ್ಷ ಕುಂಬಳ ಕೊಳ್ಳಲು ಬರುವ ಹೊನ್ನವ್ವ ಸೆರಗು ಬಿಗಿದು, “ಒಂದ್ ಚೀಲ ಜ್ವಾಳ! ನನಗ ಬರೇ ಗಂಡಹುಡುಗ್ರು ಅದಾವ, ಈಕಿ ನನಗ ಬೇಕ್ರಿ!” ಎಂದಳು. ಹಾನಗಲ್ಲಿನ ಕಡೆಯವರೊಬ್ಬರು, “ಎರಡು ಚೀಲ ಭತ್ತ!” ಎಂದರು. ಅಂಗಳವೆಲ್ಲ ನಗು. ಎಲ್ಲರಿಗೂ ಅದು ಚೇಷ್ಟೆಯೆಂದು ತಿಳಿದಿತ್ತು; ನನಗೂ ತಿಳಿದಿತ್ತು; ಆದರೂ “ಒಂದು ಸಾರಿ, ಎರಡು ಸಾರಿ” ಎಂದು ಯೋಹಾನಪ್ಪನವರ ದನಿ ಏರಿದಾಗ ನಾನು ಜನರನ್ನು ಸರಿಸಿ ಮುಂದೆ ನುಗ್ಗಿದೆ. ಕೈಚೀಲದಲ್ಲಿ ಬೆರಳಿಗೆ ಸಿಕ್ಕಿದ್ದನ್ನು ಎತ್ತಿ ಹಿಡಿದು ಕಿರುಚಿದೆ: “ನನ್ನ ಥರ್ಮಾಮೀಟರು!”

“ಅದನ್ನ ತಗೊಂಡು ಸಭಾ ಏನ್ ಮಾಡ್ಬೇಕ್ರಿ?” ಎಂದರು ಯೋಹಾನಪ್ಪ.

“ಆಕಿ ಹಂತ್ಯಾಕ ಅದಕ್ಕಿಂತ ದೊಡ್ಡದು ಏನೂ ಇಲ್ಲ, ಯೋಹಾನಪ್ಪಾ” ಎಂದರು ಅತ್ತೆ, ನಗದೆ. “ಮೂರು ಸಾರಿ ಅನ್ರಿ.”

ಅವರು ಅಂದರು. ಹೆತ್ತ ದಿನ ನನ್ನದೆಂದು ಎತ್ತಿಕೊಂಡಿದ್ದ ಕೂಸನ್ನು ಅಂದು ದೇವರು ಕೊಟ್ಟದ್ದೆಂದು ಎತ್ತಿಕೊಂಡೆ. ನನಗೆ ತಿಳಿಯದೆ ಬಾಯಿಂದ ಹೊರಟ ಪದ ಯಾವುದೆಂದು ಹೇಳಬೇಕಾಗಿಲ್ಲ.

ಆಮೇಲೆ ಥರ್ಮಾಮೀಟರೂ ಲಿಲಾವಿಗೆ ಬಂತು. ಯಾರೂ ಕೇಳಲಿಲ್ಲ. ಅತ್ತೆ ಕೋಟಿನ ಜೇಬಿಗೆ ಕೈಹಾಕಿ ಅಂದಿನ ಬೆಳಗಿನ ದೇವರ ತತ್ತಿಯನ್ನು ತೆಗೆದು ಮೇಜಿನ ಮೇಲಿಟ್ಟರು. ತತ್ತಿ ಹೋದ ಜೇಬಿಗೆ ಗಾಜಿನ ಕಡ್ಡಿ ಇಳಿಯಿತು. “ಜ್ವರ ಬಂದ್ರ ಕೇಳು, ಕೊಡ್ತೇನಿ. ಅಂಜಿಕಿ ಬಂದ್ರ ಕೇಳಬ್ಯಾಡ” ಎಂದರು.

ಈಗ ಯಜಮಾನರಿಗೆ ಹಿರೇಕೆರೂರಿನಲ್ಲಿ ಮತ್ತೆ ಮಾಸ್ತರಿಕೆ ಸಿಕ್ಕಿದೆ. ಅತ್ತೆಯೂ ಕೋಟೂ ಕೆಂಪು ನೂಲಿನ ಕೋಳಿಯೂ ನಮ್ಮೊಡನೆ ಬಂದಿದ್ದಾರೆ. ಇದನ್ನು ಬರೆಯುತ್ತಿರುವಾಗಲೂ ನಡುವೆ ಎದ್ದು ಹೋಗಿ ಎರಡನೆಯ ಕೂಸಿನ ಹಣೆ ಮುಟ್ಟಿ ಬಂದೆ. ನನ್ನ ಸ್ವಭಾವ ಅಷ್ಟು ಸುಲಭವಾಗಿ ಬಿಡುವಂಥದಲ್ಲ. ಕಡ್ಡಿ ಇನ್ನೂ ಆ ಜೇಬಿನಲ್ಲೇ ಇದೆ. ಪ್ರೀತಿಸಿದ್ದನ್ನು, ಕೈತಪ್ಪೀತೆಂದು ಅಂಜಿ ಹಿಡಿದುಕೊಳ್ಳುವವರು ಕೆಲವರು. ತಮ್ಮದಲ್ಲವೆಂದು ಅರಿತೂ ಹಿಡಿದುಕೊಳ್ಳುವವರು ಕೆಲವರು. ಹಿಡಿತದ ಬಿಗಿ ಇಬ್ಬರದೂ ಒಂದೇ. ಆದರೆ ಅತ್ತು ಅತ್ತು ದಣಿದ ಕೂಸು ನಿದ್ದೆ ಹೋಗುವುದು ಎರಡನೆಯವರ ತೋಳಿನಲ್ಲಿ. ನನ್ನ ಎರಡೂ ಮಕ್ಕಳು ಇದನ್ನು ನನಗಿಂತ ಮೊದಲೇ ತಿಳಿದುಕೊಂಡಿದ್ದಾರೆ.