ಕರಡಿಯ ಕೋಟಿನ ಗುಂಡಿ

ಏಳನೆಯ ಸೆಕೆಂಡಿಗೆ ಗುಂಡಿ ಕಿತ್ತು ಬಂತು. ಮೇಜಿನ ಮೇಲೆ ಎರಡು ಸಲ ಕುಪ್ಪಳಿಸಿ, ಉರುಳಿಕೊಂಡು ಹೋಗಿ, ರಿಜಿಸ್ಟರಿಗೆ ತಾಗಿ ಬಿದ್ದುಕೊಂಡಿತು.

ಅವನ ಕೆಲಸವೇ ಎಳೆಯುವುದು. ಕೇಂದ್ರ ಸರ್ಕಾರದ ಗ್ರಾಹಕ ಸುರಕ್ಷತಾ ಇಲಾಖೆಯ ಪ್ರಯೋಗಾಲಯದಲ್ಲಿ ಹದಿನಾರು ವರ್ಷದಿಂದ ಗೊಂಬೆಗಳ ಕಿವಿ, ಬಾಲ, ಮೂಗುಗಳನ್ನು ಚಿಮಟದಲ್ಲಿ ಹಿಡಿದು, ಒಂಬತ್ತು ಕಿಲೋ ತೂಗುವಷ್ಟು ಬಲದಿಂದ ಹತ್ತು ಸೆಕೆಂಡು ಎಳೆಯುತ್ತ ಬಂದಿದ್ದ. ಕಿತ್ತು ಬಂದದ್ದನ್ನು ಪುಟ್ಟದೊಂದು ಉಕ್ಕಿನ ಕೊಳವೆಗೆ ಹಾಕಿ ನೋಡಬೇಕು. ಎಳೆಮಗುವಿನ ಗಂಟಲಿನ ಅಳತೆಗೆ ಮಾಡಿದ ಕೊಳವೆ ಅದು. ಅದರೊಳಗೆ ಇಳಿಯಿತೋ, ಆ ಗೊಂಬೆಯ ಕಥೆ ಮುಗಿದಂತೆ. ಆಫೀಸಿನಲ್ಲಿ ಎಲ್ಲರೂ ಅವನನ್ನು ಜಗ್ಗಣ್ಣ ಎನ್ನುತ್ತಿದ್ದರು. ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಬೇಕಾಗುತ್ತಿತ್ತು. ಮನೆಯಲ್ಲಿ ಅತ್ತೆಯ ಬಾಯಲ್ಲಿ ಇನ್ನೂ ಒಳ್ಳೆಯ ಬಿರುದು ಸಿಕ್ಕಿತ್ತು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಆ ದೊಣ್ಣೆ ನಮ್ಮ ಅಳಿಯಂದ್ರು," ಎಂದು ಬಂದವರಿಗೆಲ್ಲ ಪರಿಚಯ ಮಾಡಿಕೊಡುತ್ತಿದ್ದರು. ಹಾಗೆನ್ನುವ ಹಕ್ಕು ಆಕೆಗಿತ್ತು. ಇಪ್ಪತ್ತೆರಡು ವರ್ಷದಿಂದ ಸಣ್ಣದೊಂದು ಗೊಂಬೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದರು.

ಗುಂಡಿ ಕೊಳವೆಯೊಳಗೆ ಸಲೀಸಾಗಿ ಇಳಿಯಿತು. ಪರೀಕ್ಷೆಗೆ ಬರುವ ಗೊಂಬೆಗಳಿಗೆ ನಂಬರು ಬಿಟ್ಟರೆ ಊರಿಲ್ಲ, ಹೆಸರಿಲ್ಲ. ಯಾರು ಮಾಡಿದ್ದು ಎಂದು ಎಳೆಯುವವನಿಗೆ ತಿಳಿಯಕೂಡದು. ಅವನು ಅಭ್ಯಾಸದಂತೆ ಕರಡಿಯ ನೀಲಿ ಕೋಟನ್ನು ತಿರುಗಿಸಿ ಉಳಿದ ಗುಂಡಿಗಳ ಹೊಲಿಗೆ ನೋಡಿದ. ದಾರ ಅಡ್ಡಡ್ಡ ಎರಡು ಸುತ್ತು, ಗುಂಡಿಯ ಬುಡಕ್ಕೆ ಮೂರು ಸುತ್ತು, ಕೊನೆಯ ಗಂಟನ್ನು ಬಟ್ಟೆಯ ಮಡಿಕೆಯೊಳಗೆ ಅಡಗಿಸಿದ್ದು. ತಲೆ ತಗ್ಗಿಸಿ ತನ್ನ ಅಂಗಿಯನ್ನು ನೋಡಿಕೊಂಡ. ಅಡ್ಡಡ್ಡ ಎರಡು, ಬುಡಕ್ಕೆ ಮೂರು. ಮದುವೆಯಾದ ಮೇಲೆ ಅವನ ಅಂಗಿಯ ಒಂದು ಗುಂಡಿಯೂ ಬಿದ್ದಿರಲಿಲ್ಲ.

ಕರಡಿಯನ್ನು ಎತ್ತಿಕೊಂಡು ನೇರವಾಗಿ ಮೇಲಧಿಕಾರಿ ಮೇಡಂ ಕೋಣೆಗೆ ಹೋದ. "ಮೇಡಂ, ಇದನ್ನ ನಾನು ಎಳೆಯೋದು ಸರಿಯಲ್ಲ. ಈ ಹೊಲಿಗೆ ಯಾರದ್ದು ಅಂತ ನಂಗೊತ್ತು. ಯಾರದ್ದು ಅಂದ್ರೆ..."

"ಹೇಳಬೇಡಿ," ಎಂದರು ಮೇಡಂ, ಕನ್ನಡಕದ ಮೇಲಿನಿಂದ ನೋಡುತ್ತ. "ಉಳಿದ ಐದು ಕರಡೀನ ನಾನೇ ಎಳೀತೀನಿ. ನೀವು ಹೋಗಿ ಇಸ್ತ್ರಿಪೆಟ್ಟಿಗೆ ಸುಡ್ತಾವಾ ನೋಡಿ."

ಅವನು ಇಸ್ತ್ರಿಪೆಟ್ಟಿಗೆಗಳ ಮುಂದೆ ಕೂತ. ಕಿವಿ ಮಾತ್ರ ಗಾಜಿನ ಗೋಡೆಯ ಆಚೆಗಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಅವನು ಗೊಂಬೆಯ ಪಕ್ಷ ವಹಿಸಿ, ತಡಿ ಮಾರಾಯ, ಇನ್ನೆರಡು ಸೆಕೆಂಡು ತಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಐದರಲ್ಲಿ ಇನ್ನೆರಡು ಗುಂಡಿ ಕಿತ್ತು ಬಂದವು.

"ಶುಕ್ರವಾರ ಬೆಳಿಗ್ಗೆ ಕಾರ್ಖಾನೆಗೆ ಪತ್ರ ಹೋಗುತ್ತೆ," ಎಂದರು ಮೇಡಂ ಸಂಜೆ. "ಮೊದಲೇ ಸುದ್ದಿ ಹೋದ್ರೆ ಗೋದಾಮು ಖಾಲಿ ಆಗಿಬಿಡುತ್ತೆ. ಅಲ್ಲೀವರೆಗೂ ಬಾಯಿಗೆ ಬೀಗ. ಮನೇಲೂ. ಬೇಲೀನೇ ಎದ್ದು ಹೊಲ ಮೇಯಬಾರದು."

"ಗೊತ್ತು ಮೇಡಂ," ಎಂದ. ಗೊತ್ತಿರುವುದು ಸುಲಭ. ಅದನ್ನು ಇಟ್ಟುಕೊಂಡು ಅತ್ತೆಯ ಎದುರು ಊಟಕ್ಕೆ ಕೂರುವುದು ಬೇರೆ ಮಾತು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡಂತಾಗಿತ್ತು. ಅವನಿಗೆ ಅತ್ತೆಯೆಂದರೆ ಪ್ರಾಣ. ಹೆಣ್ಣು ನೋಡಲು ಹೋದ ದಿನ ಅವನ ಅಂಗಿಯ ತೋಳಿನ ಬಿಟ್ಟುಹೋದ ಹೊಲಿಗೆಯನ್ನು ಯಾರಿಗೂ ಕಾಣದಂತೆ ಅಡುಗೆಮನೆಯಲ್ಲಿ ಹಾಕಿಕೊಟ್ಟವರು ಆಕೆ.

ಆ ನಾಲ್ಕು ದಿನ ಅವನು ಆಕೆಯ ಕೈಯನ್ನೇ ನೋಡಿದ. ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಡಬ್ಬಿಯ ಮುಚ್ಚಳ ಬಿಗಿಯಾಗಿದ್ದರೆ, "ನಿನಗೆಷ್ಟು ಶಕ್ತಿ ಇದೆ ನೋಡೋಣ," ಎಂದು ಅವನ ಹೆಂಡತಿಯ ಕೈಗೆ ದಾಟಿಸುತ್ತಿದ್ದರು. ಅವರು ಹಿಂಡಿ ಹಾಕಿದ ಬಟ್ಟೆಯಿಂದ ಸಂಜೆಯವರೆಗೂ ನೀರು ತೊಟ್ಟಿಕ್ಕುತ್ತಿತ್ತು. ಇದೆಲ್ಲ ಎಷ್ಟು ತಿಂಗಳಿಂದ ಕಣ್ಣೆದುರಿಗೇ ಇತ್ತು. ಮಂದಿಯ ಮಕ್ಕಳ ಗೊಂಬೆಯಲ್ಲಿ ಕೂದಲೆಳೆಯಷ್ಟು ದೋಷ ಹುಡುಕುವ ತಾನು ಮನೆಯಲ್ಲಿ ಕುರುಡನಾಗಿದ್ದೆ ಎಂದು ಅವನಿಗೆ ನಾಚಿಕೆಯಾಯಿತು.

ಶುಕ್ರವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಮನೆಗೆ ಬಂದರೆ, ಅತ್ತೆ ಅವನಿಗಿಂತ ಮೊದಲೇ ಬಂದು ಕೂತಿದ್ದರು. ಎದುರಿಗೆ ಮಗಳು.

"ಆ ದಾರ ಸರಿಯಿಲ್ಲ ಅಂತ ನಾನು ಬಡ್ಕೊಂಡೆ ಕಣೇ. ಮಹಾ ಜಿಪುಣ ನಮ್ಮ ಕಾರ್ಖಾನೆ ಯಜಮಾನ. ಕಳಪೆ ದಾರ ತಂದು ಸುರಿದ. ಈಗ ನೋಡು, ಸರ್ಕಾರದ ಕಾಗದ ಬಂದಿದೆ. ಅಂಗಡೀಲಿರೋ ಕರಡಿಯೆಲ್ಲಾ ವಾಪಸ್ ತರಿಸಬೇಕಂತೆ. ದಾರ ಬದಲಾಯಿಸಿದ್ರೆ ಸೋಮವಾರದಿಂದ ಮತ್ತೆ ಶುರು ಮಾಡಬಹುದು." ಅಳಿಯನನ್ನು ಕಂಡು ದನಿ ಏರಿಸಿದರು. "ನೀವೇ ಹೇಳಿ, ದಾರ ಚೆನ್ನಾಗಿಲ್ದಿದ್ರೆ ಹೊಲಿಯೋರು ಏನು ಮಾಡ್ತಾರೆ?"

ಅವನು ಹೂಂ ಎಂದಿದ್ದರೆ ಸಾಕಿತ್ತು. ಯಜಮಾನ ಬೇರೆ ದಾರ ತರುತ್ತಿದ್ದ, ಅತ್ತೆ ಮೇಜಿಗೆ ಹೋಗುತ್ತಿದ್ದರು, ಇನ್ನೊಂದು ಸಾವಿರ ಗುಂಡಿ ಆ ಕೈಯಿಂದಲೇ ಹೊರಗೆ ಹೋಗುತ್ತಿತ್ತು. ಅವನು ಚಪ್ಪಲಿ ಬಿಟ್ಟು ಬಂದು ಆಕೆಯ ಎದುರು ನೆಲದ ಮೇಲೆ ಕೂತ.

"ಅತ್ತೆ, ಮೊದಲನೇ ಗುಂಡಿ ಎಳೆದಿದ್ದು ನಾನೇ."

"ಏನ್ರೀ ಇದು!" ಎಂದಳು ಹೆಂಡತಿ. "ನಾಲ್ಕು ದಿನ ಅಮ್ಮ ಬಡಿಸಿದ್ದನ್ನ ತಿಂದ್ಕೊಂಡು ಗುಮ್ಮನ ಹಾಗೆ ಕೂತಿದ್ರಾ?"

ಅತ್ತೆ ಮಗಳಿಗೆ ಸುಮ್ಮನಿರು ಎಂದು ಸನ್ನೆ ಮಾಡಿದರು. "ದಾರ ತಾನೇ ಹರಿದಿದ್ದು?" ಎಂದರು. ಹೌದು ಎನ್ನಲಿ ಎಂದು ಮುಖವೆಲ್ಲ ಬೇಡುತ್ತಿತ್ತು.

"ದಾರ ಹರೀಲಿಲ್ಲ ಅತ್ತೆ. ಗಂಟು ಬಿಚ್ಕೊಳ್ತು."

ಅತ್ತೆ ಬಲಗೈಯನ್ನು ಮೆಲ್ಲಗೆ ಎಡಗೈಯ ಕೆಳಗೆ ಸರಿಸಿದರು.

"ಎಷ್ಟು ಹೊತ್ತು ತಡೀತು?"

"ಏಳು ಸೆಕೆಂಡು."

"ಹೋದ ವರ್ಷದ್ದಾಗಿದ್ರೆ?"

"ಹೋದ ವರ್ಷದ್ದಾಗಿದ್ರೆ ನನ್ನ ಚಿಮಟನೇ ಮುರೀತಿತ್ತು."

ಅತ್ತೆ ನಕ್ಕರು. ನಗುತ್ತಲೇ ಕಣ್ಣು ತುಂಬಿ ಬಂತು. "ಚಳಿಗಾಲದಿಂದ ಈ ಹೆಬ್ಬೆರಳು ಮಾತು ಕೇಳ್ತಾ ಇಲ್ಲ. ರಾತ್ರಿಯೆಲ್ಲಾ ಸೇದುತ್ತೆ. ಹೇಳಿದ್ರೆ ಮೇಜಿಂದ ಎಬ್ಬಿಸ್ತಾರೆ ಅಂತ ಸುಮ್ನಿದ್ದೆ. ಹೊಸಬರಿಗೆಲ್ಲಾ ಗಂಟು ಹಾಕೋದು ಕಲಿಸಿದೋಳು ನಾನು, ನಂದೇ..." ಎಂದವರು ಅರ್ಧಕ್ಕೆ ನಿಲ್ಲಿಸಿದರು. "ಅಯ್ಯೋ, ಕೆಳಗಿನ ಮನೆ ಕೂಸು!"

ಹೋದ ತಿಂಗಳು ಮಗುವಿಗೆ ವರ್ಷ ತುಂಬಿದಾಗ ತಾವೇ ಗುಂಡಿ ಹೊಲಿದ ಕರಡಿಯೊಂದನ್ನು ಕೊಟ್ಟು ಬಂದಿದ್ದರು. ಬರಿಗಾಲಲ್ಲೇ ಮೆಟ್ಟಿಲು ಇಳಿದರು. ಮಂಡಿ ನೋವು ಎಂದು ಎರಡು ಸಲ ನಿಂತು ಇಳಿಯುವವರು ಒಂದೇ ಉಸಿರಿಗೆ ಇಳಿದುಬಿಟ್ಟರು. ಅವನು ಹಿಂದೆಯೇ ಓಡಿದ.

ಮಗು ಬಾಗಿಲ ಬಳಿ ಕೂತು ಕರಡಿಯ ಕಿವಿ ಚೀಪುತ್ತಿತ್ತು. ಕೋಟಿನ ಮೂರು ಗುಂಡಿಯೂ ಇದ್ದವು. "ದೇವರು ದೊಡ್ಡೋನು," ಎಂದು ಅತ್ತೆ ಅಲ್ಲೇ ಕುಸಿದು ಕೂತರು. ಮಗುವಿನ ತಾಯಿ ಒದ್ದೆಕೈಯಲ್ಲಿ ಒಳಗಿನಿಂದ ಬಂದು, ಏನಾಯಿತೆಂದು ಒಬ್ಬೊಬ್ಬರ ಮುಖ ನೋಡಿದಳು.

"ಏನಿಲ್ಲಮ್ಮ, ನನ್ನ ಕೆಲಸ ನಾನೇ ನೋಡೋಕೆ ಬಂದೆ," ಎಂದರು ಅತ್ತೆ. ಮೊದಲನೆಯ ಗುಂಡಿಯನ್ನು ಬೆರಳಲ್ಲಿ ಹಿಡಿದು ಎಳೆದರು. ತುಟಿ ಕಚ್ಚಿ ಮತ್ತೆ ಎಳೆದರು. ಎರಡನೆಯದು, ಮೂರನೆಯದು. ಯಾವುದೂ ಅಲುಗಲಿಲ್ಲ. "ನೋಡಿ ಅಳಿಯಂದ್ರೆ, ಇದು ಗಟ್ಟಿಯಾಗೇ ಇದೆ," ಎಂದು ಹೆಮ್ಮೆಯಿಂದ ತಿರುಗಿದರು.

ಅಜ್ಜಿ ಹೊಸ ಆಟ ಹೂಡಿದ್ದಾರೆಂದು ಮಗುವಿಗೆ ಖುಷಿಯಾಯಿತು. ಅದೂ ಪುಟ್ಟ ಮುಷ್ಟಿಯಲ್ಲಿ ನಡುವಿನ ಗುಂಡಿಯನ್ನು ಹಿಡಿದು ಜಗ್ಗಿತು. ಎರಡನೆಯ ಸಲ ಜಗ್ಗಿದಾಗ ಗುಂಡಿ ಕೈಗೆ ಬಂತು.

ಅವನು ಮುಂದೆ ಹಾರಲಿದ್ದ. ಮಗು ಬೆಚ್ಚಬಾರದೆಂದು ಅತ್ತೆ ಒಂದು ಕೈ ಅಡ್ಡ ಹಿಡಿದು, ಇನ್ನೊಂದನ್ನು ಮಗುವಿನತ್ತ ಚಾಚಿದರು. ಮಗು ಗುಂಡಿಯನ್ನು ಬಾಯಿಯ ಹತ್ತಿರ ಒಯ್ದು, ತನ್ನ ಮುಂದೆ ಚಾಚಿದ್ದ ಅಂಗೈಯನ್ನು ನೋಡಿತು. "ಅಜ್ಜಿಗೆ ಕೊಡು, ಬಂಗಾರ," ಎಂದರು ಅತ್ತೆ. ಮಗು ಒಂದು ಗಳಿಗೆ ಯೋಚಿಸಿ, ಒದ್ದೆಯಾದ ಗುಂಡಿಯನ್ನು ಅಂಗೈ ಮೇಲೆ ಇಟ್ಟಿತು.

ಅತ್ತೆ ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ಹೆಬ್ಬೆರಳು ಮಾತ್ರ ಮಡಚಲಾಗದೆ ಹೊರಗೇ ಉಳಿಯಿತು. ಅವನು ಪಕ್ಕದಲ್ಲಿ ಕೂತು, ಆ ಮುಷ್ಟಿಯ ಸುತ್ತ ತನ್ನ ಕೈ ಮುಚ್ಚಿದ.