ಮಲಪ್ರಭೆಯ ದಂಡೆ

ಗುರುಪಾದಪ್ಪ ಮಾಸ್ತರರು ರಿಬ್ಬನ್ ಕತ್ತರಿಸಿ ಒಳಗೆ ಬಂದಾಗ ಶಾಹಜಾದಿ ಎದ್ದು ನಿಂತಳು, ಕೈ ಮುಗಿಯಲಿಲ್ಲ. ತನ್ನ ಚಿತ್ರಪ್ರದರ್ಶನದ ಉದ್ಘಾಟನೆಗೆ ಅವರೇ ಬೇಕೆಂದು ಹಟ ಹಿಡಿದಿದ್ದವಳು ಅವಳೇ. ಸಂಘಟಕ ಭರಮಣ್ಣನಿಗೆ ಅದು ಗುರುಭಕ್ತಿಯಾಗಿ ಕಂಡಿತ್ತು.

ಬೆಳಗಾವಿಯ ಆ ಹಾಲ್‌ನ ಗೋಡೆ ತುಂಬ ಖಾನಾಪುರವಿತ್ತು. ಕೆಮ್ಮಣ್ಣಿನ ಗುಡ್ಡ, ಹೆಂಚಿನ ಭಟ್ಟಿಯ ಹೊಗೆ, ಮಳೆಗಾಲದ ಮಲಪ್ರಭೆ. ಒಂದರಲ್ಲೂ ಕುಂಚದ ಗೆರೆಯಿರಲಿಲ್ಲ. ಬಣ್ಣವನ್ನು ಚಾಕುವಿನ ಅಲಗಿನಿಂದಲೇ ಎತ್ತಿ, ಗಾರೆ ಮೆತ್ತಿದಂತೆ ದಪ್ಪಗೆ ಹಚ್ಚುವುದು ಅವಳ ರೀತಿ. ಪುಣೆ, ಮುಂಬಯಿಗಳಲ್ಲಿ ಅವಳನ್ನು ಗುರುತಿಸುತ್ತಿದ್ದುದೂ ಅದರಿಂದಲೇ.

ಎಪ್ಪತ್ಮೂರನೇ ಇಸವಿಯಲ್ಲಿ ಅವಳು ಖಾನಾಪುರದಿಂದ ರೈಲಿನಲ್ಲಿ ಮಾಸ್ತರರ ಚಿತ್ರಶಾಲೆಗೆ ಬರುತ್ತಿದ್ದಳು. ಆ ಬೇಸಿಗೆಯಲ್ಲಿ ತಂದೆ ಬಾಬಾಜಾನ ತೀರಿಕೊಂಡಿದ್ದ. ಮನೆಯಲ್ಲಿ ಅವನದೊಂದು ಫೋಟೋವೂ ಇರಲಿಲ್ಲ. ನೆನಪು ಮಾಸುವ ಮೊದಲೇ, ಹೊಳೆದಂಡೆಯಲ್ಲಿ ಕೂತ ಅವನನ್ನು ಅವಳು ಬರೆದಳು. ಮಾಸ್ತರರು ಬಣ್ಣ ಕಲೆಸುವ ಚಾಕು ತೆಗೆದುಕೊಂಡು, ಎಲ್ಲರೆದುರು ಆ ಹಸಿ ಚಿತ್ರವನ್ನು ಕೆರೆದು ಹಾಕಿದರು. "ಇದು ಚಿತ್ರ ಅಲ್ಲ, ನೆಲಾ ಸಾರಿಸಿದ್ದು," ಎಂದರು. ಶಾಹಜಾದಿ ಮತ್ತೆ ಶಾಲೆಗೆ ಹೋಗಲಿಲ್ಲ. ಹೊರಡುವಾಗ ಆ ಚಾಕುವನ್ನು ಎತ್ತಿಕೊಂಡು ಬಂದಳು.

ಈಗ ಅವಳು ಮಾಸ್ತರರನ್ನು ಕೊನೆಯ ಚಿತ್ರದ ಮುಂದೆ ನಿಲ್ಲಿಸಿದಳು. ಅದೇ ಚಿತ್ರವನ್ನು ಮೊನ್ನೆ ಮತ್ತೆ ಬರೆದಿದ್ದಳು, ಅದಿನ್ನೂ ಒಣಗಿರಲಿಲ್ಲ. ಹೊಳೆದಂಡೆಯಲ್ಲಿ ಕೂತ ಮನುಷ್ಯನಿಗೆ ಮುಖವಿರಲಿಲ್ಲ.

"ಇದರ ಮಾರಿ ನೀವು ಕೆರದ್ರಿ, ಸರ್. ನಮ್ಮ ಅಬ್ಬಾಂದು. ನೆನಪೈತೇನ್ರೀ?"

ಮಾಸ್ತರರು ಕನ್ನಡಕ ಸರಿಮಾಡಿಕೊಂಡರು. "ಎಷ್ಟೋ ಹುಡುಗೂರದು ಕೆರದೇನವಾ, ತಿದ್ದಾಕಂತ. ಇದೊಂದ ನೆನಪಿಲ್ಲ."

ಇಷ್ಟು ವರ್ಷ ಅವಳು ಎಲ್ಲ ಉತ್ತರಕ್ಕೂ ಮಾತು ಹೊಂದಿಸಿಕೊಂಡಿದ್ದಳು, ಇದೊಂದನ್ನು ಬಿಟ್ಟು. ನೆರೆದವರ ಕಡೆ ತಿರುಗಿ, ನಡೆದದ್ದನ್ನೆಲ್ಲ ದನಿಯೇರಿಸದೆ ಹೇಳಿದಳು. ಭರಮಣ್ಣ ಮಾಸ್ತರರಿಗೆ ಕುರ್ಚಿ ಎಳೆದು ತಂದ.

"ಕುರ್ಚಿ ಬ್ಯಾಡ್ರಿ, ಭರಮಣ್ಣಾರ," ಎಂದಳು. "ಅವತ್ತ ನಾನೂ ನಿಂತ ನೋಡೇನಿ."

ಭರಮಣ್ಣ ಕುರ್ಚಿ ಹಿಡಿದುಕೊಂಡೇ ನಿಂತ. ಆಸರೆಗೆಂದು ಚಾಚಿದ ಮಾಸ್ತರರ ತೋಳು ಚಿತ್ರದ ಮೇಲೆ ಉಜ್ಜಿಕೊಂಡು ಹೋಯಿತು. ಅವರಿಗೆ ಅದು ತಿಳಿಯಲಿಲ್ಲ.

"ತಪ್ಪಾತವಾ," ಎಂದರು, ಅವಳಿಗಷ್ಟೇ ಕೇಳುವಂತೆ.

ಶಾಹಜಾದಿ ಪಕ್ಕಕ್ಕೆ ಸರಿದಳು. ಜನ ದಾರಿ ಬಿಟ್ಟರು. ಮಾಸ್ತರರು ಒಬ್ಬರೇ ಮೆಟ್ಟಿಲಿಳಿದು, ಬಿಸಿಲಿಗೆ ಕೊಡೆ ಬಿಚ್ಚಿದರು. ಬಿಳಿ ಅಂಗಿಯ ತೋಳಿನುದ್ದಕ್ಕೂ, ಮೊಣಕೈಯಿಂದ ಮಣಿಕಟ್ಟಿನವರೆಗೆ, ಮಲಪ್ರಭೆಯ ಕೆಂಪು ನೀರು ಮೆತ್ತಿತ್ತು. ಪರಿಚಯದವರೊಬ್ಬರು ನಮಸ್ಕರಿಸಿದಾಗ ಅವರು ಅದೇ ಕೈಯೆತ್ತಿದರು. ಬಾಗಿಲಲ್ಲಿ ನಿಂತಿದ್ದ ಶಾಹಜಾದಿ ಬಣ್ಣ ಹತ್ತಿದೆಯೆಂದು ಕರೆದು ಹೇಳಲಿಲ್ಲ.