ಮೀಟರ್ ಇದ್ಯಾ?

ನಾನೊಂದು ಆಟೋ ಮೀಟರು. ಹೊಟ್ಟೆ ತುಂಬ ಹಲ್ಲುಚಕ್ರ, ಮುಖಕ್ಕೆ ಗಾಜು, ತಲೆಗೊಂದು ತಗಡಿನ ಬಾವುಟ ಕೊಟ್ಟು ಕಾರ್ಖಾನೆಯವರು ನನ್ನನ್ನು ಭೂಮಿಗೆ ಬಿಟ್ಟರು. ಬಾವುಟ ಕೆಳಕ್ಕೆ ತಿರುಗಿಸಿದರೆ 'ಟಿಣ್' ಎಂದು ಎಚ್ಚರವಾಗುತ್ತಿದ್ದೆ.

ಬೆಂಗಳೂರಿನ ಚೌಡಪ್ಪ ನನ್ನ ಮೊದಲ ಯಜಮಾನ. ನನ್ನ ಹೆಸರಿಗೆ ಬಾಲ ಬೆಳೆದದ್ದು ಅವನ ಆಟೋದಲ್ಲೇ ತಿಳಿಯಿತು. ಹಿಂದೆ ಕೂತ ಕಾಲೇಜು ಹುಡುಗನೊಬ್ಬ, "ಮಗಾ, ಅವ್ಳಪ್ಪನ್ ಮುಂದೆ ಮಾತಾಡೋಕ್ ಮೀಟರ್ ಬೇಕು ಕಣೋ!" ಎಂದ. ನನ್ನನ್ನು ಕಿತ್ತುಕೊಂಡು ಹೋಗಿ ಮಾವನಿಗೆ ತೋರಿಸುತ್ತಾನೇನೋ ಎಂದು ಹೆದರಿದೆ. ಅವನ ಗೆಳೆಯ, "ಆಯಪ್ಪನ್ ಮೀಸೆ ನೋಡಿದ್ರೇ ನಂದು ಮೀಟರ್ ಆಫು!" ಎಂದ. ನಾನಿಲ್ಲಿ ಟಿಕಟಿಕ ಓಡುತ್ತಲೇ ಇದ್ದೆ! ಧೈರ್ಯಕ್ಕೆ ನನ್ನ ಹೆಸರಿಟ್ಟಿದ್ದಾರೆಂದು ಅರ್ಥವಾಗಲು ವರ್ಷವೇ ಹಿಡಿಯಿತು. ಗೊತ್ತಾದ ಮೇಲೆ ಸ್ವಲ್ಪ ಜಂಬವೂ ಬಂತೆನ್ನಿ.

ಚೌಡಪ್ಪನ ಕಣ್ಣು ಮಂಜಾದಾಗ ಮಗಳು ನಾಗವೇಣಿ ಲೈಸೆನ್ಸ್ ಮಾಡಿಸಿ ಹ್ಯಾಂಡಲ್ ಹಿಡಿದಳು. ಮನೆಯ ಒಲೆ ಉರಿಯಬೇಕಾದರೆ ಅಪ್ಪನ ಸ್ಟ್ಯಾಂಡಿನಲ್ಲಿ ಅವಳಿಗೆ ಜಾಗ ಸಿಗಬೇಕಿತ್ತು. ಹಿರಿಯ ಚಾಲಕ ಗವಿಯಪ್ಪ ನಕ್ಕ. "ಮೀಟರ್ ಇದ್ರೆ ಸಾಲಲ್ಲಿ ನಿಂತ್ಕೊಳಮ್ಮ, ನೋಡಣ."

ನಿಂತಳು. ಸರದಿ ಹತ್ತಿರವಾದಾಗಲೆಲ್ಲ ಯಾರಾದರೂ ಮುಂದೆ ನುಗ್ಗುವರು. ಮಧ್ಯಾಹ್ನವಾದರೂ ಒಂದು ಸವಾರಿಯಿಲ್ಲ.

ಆ ಸ್ಟ್ಯಾಂಡಿಗೊಂದು ಪದ್ಧತಿಯಿತ್ತು. ಸಾಲು ಸರಿದಾಗ ಯಾರೂ ಎಂಜಿನ್ ಹಚ್ಚುವುದಿಲ್ಲ. ಹಿಂದಿನವನು ಇಳಿದು ಮುಂದಿನವನ ಗಾಡಿ ತಳ್ಳುತ್ತಾನೆ. ತಳ್ಳಿದವನ ಸರದಿಯನ್ನು ಬೇರೆಯವರು ಕಸಿಯದಂತೆ ತಳ್ಳಿಸಿಕೊಂಡವನು ಕಾಪಾಡಬೇಕು. ನಾಗವೇಣಿ ಇಳಿದು, ಕಾಕಿ ಅಂಗಿಯ ತೋಳು ಮಡಿಸಿ, ಮುಂದಿದ್ದ ಗವಿಯಪ್ಪನ ಗಾಡಿಗೆ ಕೈ ಕೊಟ್ಟಳು.

"ಯಾರಮ್ಮಾ ತಳ್ಳು ಅಂದಿದ್ದು?"

"ಹಿಂದಿರೋರೇ ತಳ್ಬೇಕಲ್ವಾ ಅಣ್ಣ? ಮೊದ್ಲು ಬ್ರೇಕ್ ಬಿಡಿ, ನನ್ ಸೊಂಟ ಹೋಗ್ತಾ ಐತೆ!"

ಗವಿಯಪ್ಪ ಬ್ರೇಕ್ ಬಿಟ್ಟ. ಅವನಿಗೆ ಸವಾರಿ ಸಿಕ್ಕಿತೋ ಇಲ್ಲವೋ, ಚಲುವ ಎಂಬವನು ನಮ್ಮ ಮುಂದೆ ಆಟೋ ತೂರಿಸಿದ. ಹೊರಟಿದ್ದ ಗವಿಯಪ್ಪ ಇಳಿದು ಬಂದ.

"ಲೇ ಚಲುವ, ಹಿಂದಕ್ ತಗಿಯೋ! ನನ್ ಗಾಡಿ ತಳ್ಳವ್ಳೆ ಕಣ್ಲಾ ಅವ್ಳು."

ಚಲುವ ಗೊಣಗುತ್ತ ಸರಿದ. ಗವಿಯಪ್ಪ ತಾನೇ ನಮ್ಮನ್ನು ತಳ್ಳಿ ಸಾಲಿನ ತಲೆಗೆ ನಿಲ್ಲಿಸಿ ಹೋದ. ಹೂವಿನ ಬುಟ್ಟಿ ಹೊತ್ತ ಅಜ್ಜಿಯೊಬ್ಬಳು ಬಂದು ಹತ್ತಿದಳು.

ಈಗ ಕೆಂಪು ಅಂಕಿಗಳ ಹೊಸ ಮೀಟರು ಬಂದಿದೆ. ನಾನು ನಾಗವೇಣಿಯ ಮನೆಯ ಗೂಡಿನಲ್ಲಿ ಆರಾಮವಾಗಿದ್ದೇನೆ. "ನಾಗವೇಣಕ್ಕಂಗೆ ಮೀಟರ್ ಜಾಸ್ತಿ" ಎನ್ನುತ್ತಾರಂತೆ ಸ್ಟ್ಯಾಂಡಿನವರು. ನಿಜವೇ. ಆದರೆ ಆ ಮೊದಲ ಸವಾರಿಗೆ ನನ್ನ ಬಾವುಟ ತಿರುಗಿಸಿದ ಅವಳ ಬೆರಳುಗಳು ಗಡಗಡ ನಡುಗುತ್ತಿದ್ದವು. ಅದು ನನಗೊಬ್ಬನಿಗೇ ಗೊತ್ತು. ನಡುಗುತ್ತಲೇ ತಿರುಗಿಸಿದಳು.